ಉಷ್ಣಾಂಶ ಗೊತ್ತಿದ್ದರೆ ನೀರಿನ ಆವಿ ಒತ್ತಡ ಗೊತ್ತಾದ ಹಾಗೆ

(ಶಿವಮೊಗ್ಗದ ಒಂದು ಗ್ರಂಥಾಲಯದ ಸಭಾಂಗಣದಲ್ಲಿ ಫೆಬ್ರವರಿಯ ಒಂದು ಸಂಜೆ ಆಡಿದ ಮಾತುಗಳಿವು. ಹಲಗೆಯ ಮೇಲೆ ಮಾಡಿದ ಲೆಕ್ಕಗಳನ್ನು ಓದುವವರಿಗಾಗಿ ಇಲ್ಲಿ ಬಿಡಿಸಿ ಬರೆದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಈ ಮೇಜಿನ ಮೇಲೆ ಎರಡು ಥರ್ಮಾಮೀಟರ್ ನೇತು ಹಾಕಿದ್ದೇನೆ. ಎರಡೂ ಒಂದೇ ಅಂಗಡಿಯವು, ಒಂದೇ ಬೆಲೆಯವು. ಒಂದರ ಬುಡಕ್ಕೆ ಹಳೆಯ ಪಂಚೆಯ ತುಂಡು ಸುತ್ತಿ, ಅದರ ಬಾಲವನ್ನು ಒಂದು ಲೋಟ ನೀರಿಗೆ ಇಳಿಬಿಟ್ಟಿದ್ದೇನೆ. ಟೇಬಲ್ ಫ್ಯಾನ್ ಎರಡರ ಮೇಲೂ ಬೀಸುತ್ತಿದೆ. ಮುಂದಿನ ಸಾಲಿನಲ್ಲಿ ಕೂತಿರುವ ಈ ಹುಡುಗಿ ಈಗಷ್ಟೇ ಓದಿ ಹೇಳಿದಳು. ಒಣಗಿರುವುದು 29 ಡಿಗ್ರಿ, ಒದ್ದೆಯಾಗಿರುವುದು 20 ಡಿಗ್ರಿ. ಈ ಎರಡು ಅಂಕಿಗಳನ್ನು ಹಲಗೆಯ ಮೂಲೆಯಲ್ಲಿ ಬರೆದಿದ್ದೇನೆ. ದಯವಿಟ್ಟು ಯಾರೂ ಅಳಿಸಬೇಡಿ, ಕೊನೆಯಲ್ಲಿ ಬೇಕಾಗುತ್ತವೆ.

ಕೋಣೆ ಒಂದೇ, ಗಾಳಿ ಒಂದೇ. ಆದರೂ 9 ಡಿಗ್ರಿ ವ್ಯತ್ಯಾಸ. ನೀರು ಆವಿಯಾಗಿ ಹೋಗುವಾಗ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ, ಅದಕ್ಕೇ ತಂಪು. ಇಷ್ಟು ನಿಮಗೆಲ್ಲ ಗೊತ್ತು. ಆದರೆ 9 ಡಿಗ್ರಿಯೇ ಯಾಕೆ? 3 ಯಾಕಲ್ಲ, 19 ಯಾಕಲ್ಲ? ಇದಕ್ಕೆ ಉತ್ತರ ಬೇಕಾದರೆ ನೀರಿನ ಆವಿ ಒತ್ತಡ ಎಷ್ಟು ಅಂತ ಲೆಕ್ಕ ಹಾಕೋಕೆ ಬರಬೇಕು. ಅದನ್ನು ಇವತ್ತು ಇಲ್ಲೇ, ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಮಾಡೋಣ.

ಆವಿ ಒತ್ತಡ ಅಂದರೆ ಏನು ಅಂತ ಕೇಳಿದವರಿಗೆ ನಾನು ವ್ಯಾಖ್ಯೆ ಹೇಳುವುದಿಲ್ಲ, ಒಂದು ಪ್ರಯೋಗ ಹೇಳುತ್ತೇನೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜಾನ್ ಡಾಲ್ಟನ್ 1801ರ ಸುಮಾರಿಗೆ ಮಾಡಿದ್ದು. ಪರಮಾಣು ಸಿದ್ಧಾಂತದ ಡಾಲ್ಟನ್ನೇ. ಆದರೆ ಅವರ ಮೊದಲ ಪ್ರೀತಿ ಹವಾಮಾನ. 1787ರಲ್ಲಿ ಹವಾಮಾನದ ದಿನಚರಿ ಬರೆಯೋಕೆ ಶುರು ಮಾಡಿದವರು 1844ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. 57 ವರ್ಷ! ಗಾಳಿಯಲ್ಲಿರುವ ನೀರಿನ ಚಿಂತೆಯೇ ಅವರನ್ನು ಅನಿಲಗಳ ಕಡೆಗೆ, ಅಲ್ಲಿಂದ ಪರಮಾಣುವಿನ ಕಡೆಗೆ ಕರೆದುಕೊಂಡು ಹೋಯಿತು.

ಪ್ರಯೋಗ ಹೀಗಿದೆ. ಒಂದು ತುದಿ ಮುಚ್ಚಿದ ಉದ್ದನೆಯ ಗಾಜಿನ ಕೊಳವೆ. ಅದರ ತುಂಬ ಪಾದರಸ ತುಂಬಿ, ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ ಸಮುದ್ರ ಮಟ್ಟದಲ್ಲಿ ಪಾದರಸ ಸುಮಾರು 760 ಮಿಲಿಮೀಟರ್ ಎತ್ತರಕ್ಕೆ ಇಳಿದು ನಿಲ್ಲುತ್ತದೆ. ಅದರ ಮೇಲೆ ಉಳಿಯುವುದು ಬರೀ ಖಾಲಿ ಜಾಗ. ಅಲ್ಲಿ ಗಾಳಿಯೂ ಇಲ್ಲ. ಈಗ ಕೆಳಗಿನಿಂದ ಒಂದೆರಡು ಹನಿ ನೀರು ಬಿಡಿ. ನೀರು ಪಾದರಸಕ್ಕಿಂತ ಹಗುರ, ತೇಲಿಕೊಂಡು ಮೇಲೆ ಹೋಗಿ ಪಾದರಸದ ನೆತ್ತಿಯ ಮೇಲೆ ಕೂರುತ್ತದೆ. ತಕ್ಷಣ ಪಾದರಸ ಸ್ವಲ್ಪ ಕೆಳಗಿಳಿಯುತ್ತದೆ. ನೀರು 20 ಡಿಗ್ರಿ ಇದ್ದರೆ ಹದಿನೇಳೂವರೆ ಮಿಲಿಮೀಟರ್ ಇಳಿಯುತ್ತದೆ. ಯಾರು ತಳ್ಳಿದರು? ನೀರಿನಿಂದ ಎದ್ದು ಆ ಖಾಲಿ ಜಾಗ ತುಂಬಿದ ಆವಿ ತಳ್ಳಿತು.

ಇನ್ನೂ ನಾಲ್ಕು ಹನಿ ನೀರು ಹಾಕಿ. ಆವಿಯ ಒತ್ತಡ ಒಂದಿಷ್ಟೂ ಜಾಸ್ತಿಯಾಗುವುದಿಲ್ಲ. ಕೊಳವೆಯನ್ನು ಎತ್ತಿ ಖಾಲಿ ಜಾಗ ದೊಡ್ಡದು ಮಾಡಿ. ಕಡಿಮೆಯೂ ಆಗುವುದಿಲ್ಲ. ಇನ್ನಷ್ಟು ನೀರು ಆವಿಯಾಗಿ ಆ ಜಾಗವನ್ನೂ ಅಷ್ಟೇ ಒತ್ತಡಕ್ಕೆ ತುಂಬುತ್ತದೆ. ಈಗ ಕೊಳವೆಯ ಸುತ್ತ ಇನ್ನೊಂದು ಅಗಲವಾದ ಗಾಜಿನ ಕೊಳವೆ ಇಟ್ಟು, ಅದರಲ್ಲಿ ಬಿಸಿನೀರು ತುಂಬಿ. 40 ಡಿಗ್ರಿಗೆ 55 ಮಿಲಿಮೀಟರ್ ಇಳಿತ. 80 ಡಿಗ್ರಿಗೆ 355. 100 ಡಿಗ್ರಿಗೆ 760, ಅಂದರೆ ಪಾದರಸ ಪೂರ್ತಿ ಬಟ್ಟಲಿನ ಮಟ್ಟಕ್ಕೆ ಬಂದುಬಿಡುತ್ತದೆ. ಒಳಗಿನ ಆವಿ ಹೊರಗಿನ ವಾತಾವರಣಕ್ಕೆ ಸಮ ಸಮ ನಿಂತಿದೆ. ಕುದಿಯುವುದು ಅಂದರೆ ಇದೇ.

ನೀರು ಎಷ್ಟಿದೆ, ಜಾಗ ಎಷ್ಟಿದೆ ಅನ್ನೋದು ಈ ಒತ್ತಡಕ್ಕೆ ಲೆಕ್ಕವೇ ಇಲ್ಲ. ಅದಕ್ಕೆ ಬೇಕಾದದ್ದು ಉಷ್ಣಾಂಶ ಒಂದೇ. ಕೆರೆಯಲ್ಲಿರುವ ನೀರಿಗೂ ಚಮಚದಲ್ಲಿರುವ ನೀರಿಗೂ 30 ಡಿಗ್ರಿಯಲ್ಲಿ ಒಂದೇ ಒತ್ತಡ.

ಇಲ್ಲಿ ಒಬ್ಬರು ತಾಯಿ ಎದ್ದು ಕೇಳಿದರು: "ಸಾರ್, ಬಿಸಿ ಗಾಳಿ ಜಾಸ್ತಿ ನೀರು ಹಿಡಿದುಕೊಳ್ಳುತ್ತೆ, ತಣ್ಣನೆ ಗಾಳಿ ಕಡಿಮೆ ಹಿಡಿದುಕೊಳ್ಳುತ್ತೆ ಅಂತ ಮಗಳ ಪುಸ್ತಕದಲ್ಲಿದೆಯಲ್ಲ?"

ಒಳ್ಳೆಯ ಪ್ರಶ್ನೆ. ನಾನೂ ಹಾಗೆಯೇ ಓದಿದ್ದು. ಆದರೆ ಡಾಲ್ಟನ್ನರ ಕೊಳವೆ ನೋಡಿ. ಅಲ್ಲಿ ಗಾಳಿಯೇ ಇರಲಿಲ್ಲ, ಹಿಡಿದುಕೊಳ್ಳುವವರು ಯಾರು? ಅವರು ಗಾಳಿ ಇಟ್ಟೂ ಪ್ರಯೋಗ ಮಾಡಿದರು, ಗಾಳಿ ತೆಗೆದೂ ಮಾಡಿದರು. ಆವಿಯ ಒತ್ತಡ ಅಷ್ಟೇ ಬಂತು. ಇವತ್ತಿನ ನಿಖರ ಅಳತೆಯಲ್ಲಿ ಗಾಳಿ ಇದ್ದರೆ ಸಾವಿರಕ್ಕೆ ನಾಲ್ಕೈದರಷ್ಟು ಜಾಸ್ತಿ ಬರುತ್ತದೆ, ಅಷ್ಟೇ. ಹಾಗಾಗಿ ಗಾಳಿಯನ್ನು ಸ್ಪಂಜು ಅಂತ ಅಂದುಕೊಳ್ಳುವುದನ್ನು ಬಿಟ್ಟುಬಿಡಿ. ಒಂದೇ ಛತ್ರದಲ್ಲಿ ಇಳಿದುಕೊಂಡ ಎರಡು ಮದುವೆ ದಿಬ್ಬಣದ ಹಾಗೆ ಗಾಳಿ ಮತ್ತು ಆವಿ. ಜಾಗ ಒಂದೇ, ಊಟದ ಲೆಕ್ಕ ಬೇರೆ ಬೇರೆ. ಬಿಸಿಯಾದಾಗ ಆವಿ ಜಾಸ್ತಿಯಾಗುವುದು ನೀರು ಬಿಸಿಯಾದ್ದರಿಂದ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸ್ಪಂಜಿನ ಚಿತ್ರ ತಲೆಯಲ್ಲಿದ್ದರೆ ಮುಂದಿನ ಲೆಕ್ಕ ಯಾವುದೂ ಅರ್ಥವಾಗುವುದಿಲ್ಲ, ಬಾಯಿಪಾಠ ಆಗುತ್ತದೆ.

ಅಳತೆಯ ಮಾತು ಬೇಗ ಮುಗಿಸುತ್ತೇನೆ. ಪಾದರಸದ 760 ಮಿಲಿಮೀಟರ್ ಅಂದರೆ 1013.25 ಹೆಕ್ಟೊಪ್ಯಾಸ್ಕಲ್. ಹಿಂದೆ ಇದನ್ನೇ ಮಿಲಿಬಾರ್ ಅನ್ನುತ್ತಿದ್ದರು. ಹತ್ತು ಹೆಕ್ಟೊಪ್ಯಾಸ್ಕಲ್‌ಗೆ ಒಂದು ಕಿಲೋಪ್ಯಾಸ್ಕಲ್. ಇವತ್ತು ನಾನು ಹೆಕ್ಟೊಪ್ಯಾಸ್ಕಲ್ಲನ್ನೇ ಬಳಸುತ್ತೇನೆ, ಪ್ರತಿ ಸಲ ಹೆಸರು ಹೇಳುವುದಿಲ್ಲ.

ಈಗ ಲೆಕ್ಕ. ಫೋನಿನ ಕ್ಯಾಲ್ಕುಲೇಟರ್ ತೆಗೆದು ಅಡ್ಡ ತಿರುಗಿಸಿ. 'ಇ' ಅಕ್ಷರದ ನೆತ್ತಿಯ ಮೇಲೆ ಸಣ್ಣ 'ಎಕ್ಸ್' ಇರುವ ಒಂದು ಗುಂಡಿ ಕಾಣುತ್ತದೆ. 'ಇ' ಅಂದರೆ 2.71828 ಅನ್ನುವ ಸಂಖ್ಯೆ. ಚಕ್ರಬಡ್ಡಿ ಕ್ಷಣಕ್ಷಣಕ್ಕೂ ಏರುತ್ತಾ ಹೋದರೆ ಬರುವ ಸಂಖ್ಯೆ ಅದು. ನಮ್ಮ ಸೂತ್ರ ಎರಡು ಹೆಜ್ಜೆಯದು:

ಘಾತ = 17.67 × ಉಷ್ಣಾಂಶ ÷ (ಉಷ್ಣಾಂಶ + 243.5)

ಆವಿ ಒತ್ತಡ = 6.112 × ('ಇ'ಯನ್ನು ಆ ಘಾತಕ್ಕೆ ಏರಿಸಿದ್ದು)

ಉಷ್ಣಾಂಶ ಸೆಲ್ಸಿಯಸ್‌ನಲ್ಲಿ. 30 ಡಿಗ್ರಿಗೆ ಮಾಡೋಣ. 17.67ನ್ನು 30ರಿಂದ ಗುಣಿಸಿದರೆ 530.1. 30ಕ್ಕೆ 243.5 ಕೂಡಿದರೆ 273.5. ಭಾಗಿಸಿದರೆ 1.938. ಈಗ ಆ ಗುಂಡಿ ಒತ್ತಿ, 6.946 ಬರುತ್ತದೆ. 6.112ರಿಂದ ಗುಣಿಸಿ. 42.45 ಬಂತಾ? ಹಿಂದಿನ ಸಾಲಿನಲ್ಲಿ ಯಾರೋ 42.46 ಅಂದರು, ಅದೂ ಸರಿ. ದೊಡ್ಡ ದೊಡ್ಡ ಪ್ರಯೋಗಾಲಯಗಳು ವರ್ಷಗಟ್ಟಲೆ ಅಳೆದು ಬರೆದ ಕೋಷ್ಟಕದಲ್ಲೂ 30 ಡಿಗ್ರಿಗೆ ಇರುವುದು ಸುಮಾರು ನಲವತ್ತೆರಡೂವರೆಯೇ.

ಇದೇ ರೀತಿ 0 ಡಿಗ್ರಿಗೆ ಮಾಡಿದರೆ ಘಾತ ಸೊನ್ನೆ, ಉತ್ತರ 6.11. 20ಕ್ಕೆ 23.4. 40ಕ್ಕೆ 74. ನೋಡಿದಿರಾ? 20ರಿಂದ 40ಕ್ಕೆ ಹೋದರೆ ಉಷ್ಣಾಂಶ ಇಪ್ಪತ್ತು ಡಿಗ್ರಿ ಏರಿತು, ಒತ್ತಡ ಮೂರು ಪಟ್ಟಿಗಿಂತ ಜಾಸ್ತಿಯಾಯಿತು.

ಸೂತ್ರ ಕೊಟ್ಟುಬಿಟ್ಟು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ 17.67 ಮತ್ತು 243.5 ಎಲ್ಲಿಂದ ಬಂದವು ಅಂತ ಕೇಳದೇ ಬಿಟ್ಟರೆ ನನಗೆ ಸಮಾಧಾನ ಇಲ್ಲ. ನನ್ನ ಮಟ್ಟಿಗೆ ಇವತ್ತಿನ ಸಂಜೆಯ ತಿರುಳು ಇದೇ ಭಾಗ. ಸ್ವಲ್ಪ ನಿಧಾನವಾಗಿ ಹೋಗೋಣ.

ನೀರಿನೊಳಗೆ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ಒಂದು ಅಣು ಬಿಡಿಸಿಕೊಂಡು ಹೊರಗೆ ಹಾರಬೇಕಾದರೆ ಶಕ್ತಿ ಬೇಕು. ಒಂದು ಕಿಲೋ ನೀರು 0 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 25,01,000 ಜೌಲ್ ಬೇಕು. ಶಾಲೆಯಲ್ಲಿ ಇದನ್ನು ಗುಪ್ತೋಷ್ಣ ಅಂತ ಕಲಿತಿದ್ದೀರಿ. ಇದು ಎಷ್ಟು ದೊಡ್ಡದು? ನಮ್ಮ ಸುತ್ತಲಿನ ಉಷ್ಣಾಂಶದಲ್ಲಿ ಅಣುಗಳ ಓಡಾಟದ ಶಕ್ತಿಯನ್ನು ಅಳೆಯುವ ಒಂದು ಅಳತೆ ಇದೆ. ಅನಿಲದ ಸ್ಥಿರಾಂಕವನ್ನು ಉಷ್ಣಾಂಶದಿಂದ ಗುಣಿಸಿದರೆ ಬರುವಂಥದ್ದು. ಹೊರಗೆ ಹಾರಲು ಬೇಕಾದದ್ದು ಅದರ ಹದಿನೆಂಟು ಪಟ್ಟು. ಅಂದರೆ ಸಾಮಾನ್ಯ ಅಣುವಿಗೆ ಹೊರಗೆ ಹೋಗುವ ತಾಕತ್ತಿಲ್ಲ. ಅಕ್ಕಪಕ್ಕದವರ ಡಿಕ್ಕಿಯಿಂದ ಸುಮ್ನೆ ಅದೃಷ್ಟಕ್ಕೆ ಜಾಸ್ತಿ ಶಕ್ತಿ ಪಡೆದ ಕೆಲವೇ ಕೆಲವು ಅಣುಗಳು ಹಾರುತ್ತವೆ. ಉಷ್ಣಾಂಶ ಒಂದು ಚೂರು ಏರಿದರೂ ಅಂಥ ಅದೃಷ್ಟವಂತರ ಸಂಖ್ಯೆ ದಡದಡ ಏರುತ್ತದೆ. ಅದಕ್ಕೇ 'ಇ'ಯ ಘಾತ ಬಂದದ್ದು.

ಇದನ್ನು ಗಣಿತಕ್ಕೆ ಇಳಿಸಿದವರು ಫ್ರಾನ್ಸಿನ ಕ್ಲಾಪೆರಾನ್, 1834ರಲ್ಲಿ. ಆಮೇಲೆ 1850ರಲ್ಲಿ ಜರ್ಮನಿಯ ಕ್ಲಾಸಿಯಸ್ ಅದಕ್ಕೆ ಗಟ್ಟಿ ತಳಪಾಯ ಹಾಕಿದರು. ಆಗ ಹಬೆ ಯಂತ್ರಗಳ ಕಾಲ. ಬಾಯ್ಲರಿನಲ್ಲಿ ಎಷ್ಟು ಡಿಗ್ರಿಗೆ ಎಷ್ಟು ಒತ್ತಡ ಅಂತ ತಿಳಿಯದಿದ್ದರೆ ಜನ ಸಾಯುತ್ತಿದ್ದರು. ಫ್ರಾನ್ಸ್ ಸರ್ಕಾರಕ್ಕಾಗಿ ರೆನ್ಯೋ ಅನ್ನುವ ವಿಜ್ಞಾನಿ 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹಬೆಯ ಒತ್ತಡವನ್ನು ಅಪಾರ ತಾಳ್ಮೆಯಿಂದ ಅಳೆದು ಕೋಷ್ಟಕ ಮಾಡಿದ್ದು ಇದೇ ಕಾರಣಕ್ಕೆ.

ಈಗ ಹಲಗೆ ನೋಡಿ. ಗುಪ್ತೋಷ್ಣ 25,01,000. ಒಂದು ಕಿಲೋ ನೀರಾವಿಯ ಅನಿಲ ಸ್ಥಿರಾಂಕ 461.5. ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಂದರೆ 273.15 ಕೆಲ್ವಿನ್. ಮೊದಲನೆಯದನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿ. 19.84 ಬರುತ್ತದೆ. ಗುಪ್ತೋಷ್ಣ ಎಲ್ಲ ಉಷ್ಣಾಂಶದಲ್ಲೂ ಒಂದೇ ಅಂತ ಇಟ್ಟುಕೊಂಡರೆ ಕ್ಲಾಸಿಯಸ್ ಮತ್ತು ಕ್ಲಾಪೆರಾನ್ ಅವರ ಸಮೀಕರಣದಿಂದ ಸಿಗುವ ಘಾತ ಇದು:

19.84 × ಉಷ್ಣಾಂಶ ÷ (ಉಷ್ಣಾಂಶ + 273.15)

ನಮ್ಮ ಸೂತ್ರದ ಪಕ್ಕದಲ್ಲೇ ಬರೆದಿದ್ದೇನೆ. ಮುಖ ಒಂದೇ ಅಲ್ವಾ? ಅಣ್ಣ ತಮ್ಮಂದಿರ ಹಾಗಿವೆ. ಒಂದು ಅಪ್ಪಟ ಸಿದ್ಧಾಂತದಿಂದ ಬಂದದ್ದು. ಇನ್ನೊಂದು ಅಳತೆಗೆ ಹೊಂದಿಸಿದ್ದು.

ಸಿದ್ಧಾಂತದ ಸೂತ್ರದಲ್ಲಿ 30 ಡಿಗ್ರಿ ಹಾಕಿದರೆ 43.5 ಬರುತ್ತದೆ. ನಿಜವಾದದ್ದಕ್ಕಿಂತ ಒಂದು ಜಾಸ್ತಿ. ಯಾಕೆ ತಪ್ಪಿತು? ಗುಪ್ತೋಷ್ಣ ಒಂದೇ ಸಮ ಇರುವುದಿಲ್ಲ, ಅದಕ್ಕೆ. ನೀರು ಬಿಸಿಯಾದಂತೆ ಅಣುಗಳ ಹಿಡಿತ ಸಡಿಲವಾಗುತ್ತದೆ. 100 ಡಿಗ್ರಿಯಲ್ಲಿ ಒಂದು ಕಿಲೋಗೆ 22,57,000 ಜೌಲ್ ಸಾಕು. ಈ ಇಳಿತವನ್ನು ಒಳಗೆ ಸೇರಿಸಿಕೊಳ್ಳುವ ಒಂದು ಜಾಣ ದಾರಿ ಎಂದರೆ 19.84ನ್ನು 17.67 ಮಾಡುವುದು, 273.15ನ್ನು 243.5 ಮಾಡುವುದು. ಸುಮ್ನೆ ಹೇಗೋ ಬದಲಾಯಿಸಿದ್ದಲ್ಲ. 19.84ನ್ನು 273.15ರಿಂದ ಭಾಗಿಸಿ ನೋಡಿ. 0.0726. 17.67ನ್ನು 243.5ರಿಂದ ಭಾಗಿಸಿ. ಅದೂ 0.0726! ಅಂದರೆ 0 ಡಿಗ್ರಿಯ ಹತ್ತಿರ ಒಂದು ಡಿಗ್ರಿ ಏರಿದರೆ ಆವಿ ಒತ್ತಡ ನೂರಕ್ಕೆ 7.26ರಷ್ಟು ಏರುತ್ತದೆ ಅಂತ ಎರಡೂ ಹೇಳುತ್ತಿವೆ. ಒಂದು ಗುಪ್ತೋಷ್ಣದ ಲೆಕ್ಕದಿಂದ, ಇನ್ನೊಂದು ಕೊಳವೆ ಹಿಡಿದು ಅಳೆದ ಅಳತೆಯಿಂದ. ಈ ಎರಡು ಭಾಗಾಕಾರ ಒಂದೇ ಉತ್ತರ ಕೊಟ್ಟಿದ್ದನ್ನು ಮೊದಲ ಸಲ ಕಂಡ ದಿನ ನಾನು ರಾತ್ರಿ ಊಟಕ್ಕೆ ಕೂತಾಗಲೂ ಅದನ್ನೇ ಮನೆಯವರಿಗೆ ಹೇಳುತ್ತಿದ್ದೆ. ಇವತ್ತಿಗೂ ಅದು ನನಗೆ ಖುಷಿ ಕೊಡುತ್ತದೆ.

ಈ ಆಕಾರದ ಸೂತ್ರವನ್ನು ಬರ್ಲಿನ್ನಿನ ಗುಸ್ಟಾವ್ ಮ್ಯಾಗ್ನಸ್ 1844ರಲ್ಲೇ ಬಳಸಿದ್ದರು. ಅದಕ್ಕೇ ಇದನ್ನು ಮ್ಯಾಗ್ನಸ್ ಸೂತ್ರ ಅನ್ನುತ್ತಾರೆ. ನಾನು ಕೊಟ್ಟ ಅಂಕಿಗಳನ್ನು 1980ರಲ್ಲಿ ಡೇವಿಡ್ ಬೋಲ್ಟನ್ ಹೊಂದಿಸಿದರು. ಬೆಳೆಗೆ ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕುವ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅಂದರೆ ಎಫ್‌ಎಒ ವಿಧಾನದಲ್ಲಿ 17.27 ಮತ್ತು 237.3 ಇರುತ್ತದೆ. ಕೃಷಿ ಓದಿದವರಿಗೆ ಅದೇ ಪರಿಚಯ. ಯಾವುದು ಸರಿ ಅಂತ ಒಬ್ಬ ಹುಡುಗ ಕೇಳಿದ. ಎರಡೂ ಸರಿ. 30 ಡಿಗ್ರಿಗೆ ಎಫ್‌ಎಒ ಸೂತ್ರ 42.43 ಕೊಡುತ್ತದೆ. ಆದರೆ ಜೋಡಿ ಮಾತ್ರ ಬಿಡಿಸಬೇಡಿ. ಒಂದರ 17.67 ತಂದು ಇನ್ನೊಂದರ 237.3ಕ್ಕೆ ಸೇರಿಸಿದರೆ 44.4 ಬರುತ್ತದೆ. ಅದು ಯಾವ ನೀರಿನದೂ ಅಲ್ಲ.

ಇನ್ನೊಂದು ಎಚ್ಚರಿಕೆ. ಬೋಲ್ಟನ್ ಸೂತ್ರ ಮೈನಸ್ 30ರಿಂದ 35 ಡಿಗ್ರಿವರೆಗೆ ಸಾವಿರಕ್ಕೆ ಒಂದರಷ್ಟೂ ತಪ್ಪುವುದಿಲ್ಲ. ಹವಾಮಾನಕ್ಕೆ ಹೇಳಿ ಮಾಡಿಸಿದ್ದು. ಅದನ್ನೇ ಒಲೆಯ ಮೇಲಿನ ನೀರಿಗೆ ಬಳಸಿದರೆ? 100 ಡಿಗ್ರಿ ಹಾಕಿ ನೋಡಿ. 1048 ಬರುತ್ತದೆ. ಬರಬೇಕಾದದ್ದು 1013. ಅಡುಗೆಮನೆಗೆ ಬೇರೆ ಸೂತ್ರ ಬೇಕು, ಆಮೇಲೆ ಅಲ್ಲಿಗೆ ಬರುತ್ತೇನೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಮನೆಯಲ್ಲೇ ಒಂದು ಕಥೆ ಇದೆ. ನನ್ನ ಚಿಕ್ಕಪ್ಪನ ಮಗ ಪಾಲಿಹೌಸ್ ಹಾಕಿ ದೊಣ್ಣೆ ಮೆಣಸಿನಕಾಯಿ ಬೆಳೆಯುತ್ತಾನೆ. ಪಾಲಿಹೌಸಿನಲ್ಲಿ ಮುಖ್ಯವಾಗಿ ನೋಡುವುದು ಕೊರತೆಯನ್ನು. ಆ ಉಷ್ಣಾಂಶಕ್ಕೆ ಇರಬಹುದಾದ ಆವಿ ಒತ್ತಡ ಎಷ್ಟು (ಇದನ್ನು ತುಂಬಿದ ಒತ್ತಡ ಅನ್ನೋಣ, ನಮ್ಮ ಸೂತ್ರ ಕೊಡುವುದು ಇದನ್ನೇ), ಈಗ ಇರುವುದು ಎಷ್ಟು, ಎರಡರ ನಡುವಿನ ಅಂತರವೇ ಕೊರತೆ. ಅದು 8ರಿಂದ 12ರ ಆಸುಪಾಸು ಇದ್ದರೆ ಗಿಡ ಆರಾಮಾಗಿರುತ್ತದೆ. ಜಾಸ್ತಿಯಾದರೆ ಎಲೆ ಬಾಡುತ್ತದೆ, ಹೂ ಉದುರುತ್ತದೆ. ಆಗ ಮಂಜಿನ ಹಾಗೆ ನೀರು ಸಿಂಪಡಿಸಬೇಕು. ಅವನು ಇದನ್ನು ಕಂಪ್ಯೂಟರಿನಲ್ಲಿ ತಾನೇ ಲೆಕ್ಕ ಹಾಕಿಕೊಳ್ಳುತ್ತಿದ್ದ. ಹಳೆಯ ಪುಸ್ತಕವೊಂದರಲ್ಲಿ ಸಿಕ್ಕಿದ ಸೂತ್ರದಲ್ಲಿ 17.27ರ ಬದಲು 7.5 ಇತ್ತು. ಅದೂ ಸರಿಯಾದ ಸೂತ್ರವೇ. 1930ರಲ್ಲಿ ಟೆಟೆನ್ಸ್ ಅನ್ನುವವರು ಕೊಟ್ಟದ್ದು. ಆದರೆ ಅದರಲ್ಲಿ ಘಾತಕ್ಕೆ ಏರಿಸಬೇಕಾದದ್ದು 10ನ್ನು, 'ಇ'ಯನ್ನಲ್ಲ. 7.5ನ್ನು 2.3026ರಿಂದ ಗುಣಿಸಿದರೆ 17.27 ಆಗುತ್ತದೆ, ಎರಡೂ ಒಂದೇ. ಅವನು 7.5 ಹಾಕಿ 'ಇ' ಗುಂಡಿ ಒತ್ತಿದ.

35 ಡಿಗ್ರಿ ಇದ್ದ ಮಧ್ಯಾಹ್ನ, ಹ್ಯುಮಿಡಿಟಿ 50, ಅಂದರೆ ಗಾಳಿಯಲ್ಲಿರುವ ಆವಿ ಒತ್ತಡ ತುಂಬಿದ ಒತ್ತಡದ ನೂರಕ್ಕೆ 50ರಷ್ಟು. ಅವನ ಲೆಕ್ಕದಲ್ಲಿ ತುಂಬಿದ ಒತ್ತಡ 16, ಕೊರತೆ 8. ಎಲ್ಲ ಚೆನ್ನಾಗಿದೆ ಅಂತ ಸಿಂಪಡಿಸುವುದನ್ನು ನಿಲ್ಲಿಸಿದ. ನಿಜಕ್ಕೂ ತುಂಬಿದ ಒತ್ತಡ 56, ಕೊರತೆ 28. ನಾಲ್ಕೈದು ದಿನದಲ್ಲಿ ಹೂವೆಲ್ಲ ಉದುರಿ ಸಾಲಿನ ನಡುವೆ ಬಿದ್ದಿತ್ತು. ಅವನು ಫೋನ್ ಮಾಡಿ "ಅಣ್ಣಾ, ಲೆಕ್ಕದಲ್ಲಿ ಎಲ್ಲ ಸರಿ ಇದೆ, ಗಿಡ ಯಾಕೆ ಹೀಗೆ?" ಅಂದಾಗ ಅವನ ಧ್ವನಿ ನಡುಗುತ್ತಿತ್ತು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಹೊಸ ಸೂತ್ರ ಕೈಗೆ ಬಂದರೆ ಮೊದಲು 20 ಡಿಗ್ರಿ ಹಾಕಿ ನೋಡಿ. 23.4 ಬರದಿದ್ದರೆ ಆ ಸೂತ್ರವನ್ನು ನಂಬಬೇಡಿ. ಉತ್ತರ 2.34 ಬಂದರೆ ಅದು ಕಿಲೋಪ್ಯಾಸ್ಕಲ್‌ನಲ್ಲಿದೆ, 17.5 ಬಂದರೆ ಪಾದರಸದ ಮಿಲಿಮೀಟರಿನಲ್ಲಿದೆ. ಬೇರೆ ಏನೇ ಬಂದರೂ ಎಲ್ಲೋ ಎಡವಿದ್ದೀರಿ.

ಕೊರತೆ ಅಂದೆನಲ್ಲ, ಅದು ನಮ್ಮ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಆಗುಂಬೆ ಕಡೆ ಜುಲೈ ತಿಂಗಳು. 24 ಡಿಗ್ರಿ, ಹ್ಯುಮಿಡಿಟಿ 95 ಅಂತ ಇಟ್ಟುಕೊಳ್ಳಿ. ತುಂಬಿದ ಒತ್ತಡ ಸುಮಾರು 29.8. ಇರುವುದು 28.3. ಕೊರತೆ ಒಂದೂವರೆ. ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಅದೇ ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ 40 ಡಿಗ್ರಿ, ಹ್ಯುಮಿಡಿಟಿ 20 ಇದ್ದರೆ? ತುಂಬಿದ್ದು 74, ಇರುವುದು 15, ಕೊರತೆ 59. ಹೆಚ್ಚು ಕಡಿಮೆ ನಲವತ್ತು ಪಟ್ಟು.

ಮಳೆಗಾಲದಲ್ಲಿ ನಮ್ಮ ಅಜ್ಜಿ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕುತ್ತಿದ್ದರು. ಅಡಿಕೆಯನ್ನು ಅಟ್ಟದ ಮೇಲೆ ಹರಡಿ ಕೆಳಗೆ ಬೆಂಕಿ ಹಾಕುತ್ತಿದ್ದರು. ಬೆಂಕಿ ಗಾಳಿಯಲ್ಲಿರುವ ಆವಿಯನ್ನು ತೆಗೆಯುವುದಿಲ್ಲ. ಹಸಿ ಸೌದೆ ಉರಿದರೆ ಇನ್ನಷ್ಟು ಸೇರಿಸುತ್ತದೆ. ಆದರೆ ಬಟ್ಟೆಯಲ್ಲಿರುವ ನೀರನ್ನು 24ರಿಂದ 40 ಡಿಗ್ರಿಗೆ ಏರಿಸಿದರೆ ಅದರ ಒತ್ತಡ 74 ಆಗುತ್ತದೆ. ಸುತ್ತಲಿನ ಆವಿ ಇನ್ನೂ 28ರಲ್ಲೇ ಇದೆ. ಒಂದೂವರೆ ಇದ್ದ ಅಂತರ 46 ಆಯಿತು. ಹೊರಗೆ ಧೋ ಅಂತ ಮಳೆ ಸುರಿಯುತ್ತಿದ್ದರೂ ಬಟ್ಟೆ ಬೆಳಗಾಗುವುದರಲ್ಲಿ ಒಣಗುವುದು ಈ ಕಾರಣಕ್ಕೆ. ಅಜ್ಜಿಗೆ ಸೂತ್ರ ಗೊತ್ತಿರಲಿಲ್ಲ. ಆದರೆ ಬಟ್ಟೆ ಬಿಸಿಯಾಗಬೇಕು ಅನ್ನೋದು ಗೊತ್ತಿತ್ತು.

ಮಣ್ಣಿನ ಮಡಿಕೆಯದೂ ಇದೇ ಲೆಕ್ಕ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಮಡಿಕೆ ನೀರು ಕುಡಿದವರು ಅದನ್ನು ಮರೆಯುವುದಿಲ್ಲ. ಮಂಗಳೂರಿನಲ್ಲಿ ಅದೇ ಮಡಿಕೆ ಇಟ್ಟರೆ ನೀರು ಅಷ್ಟು ತಂಪಾಗುವುದಿಲ್ಲ. ಮಡಿಕೆಯ ಹೊರಮೈ ಅಂದರೆ ಈ ಮೇಜಿನ ಮೇಲಿರುವ ಒದ್ದೆ ಥರ್ಮಾಮೀಟರೇ. ಅದು ಎಲ್ಲಿಯವರೆಗೆ ತಣ್ಣಗಾಗಬಹುದು ಅಂತ ಲೆಕ್ಕ ಹಾಕಬಹುದು. ಒದ್ದೆ ಮೈಯಿಂದ ಆವಿ ಹೊತ್ತುಕೊಂಡು ಹೋಗುವ ಬಿಸಿ, ಗಾಳಿ ತಂದು ಕೊಡುವ ಬಿಸಿ, ಎರಡೂ ಸಮ ಆದಾಗ ಇಳಿಯುವುದು ನಿಲ್ಲುತ್ತದೆ. ಆ ಸಮತೋಲದ ಸೂತ್ರ ಹೀಗಿದೆ:

ಗಾಳಿಯಲ್ಲಿರುವ ಆವಿ ಒತ್ತಡ = ಒದ್ದೆ ಉಷ್ಣಾಂಶದ ತುಂಬಿದ ಒತ್ತಡ − 0.00066 × ವಾತಾವರಣದ ಒತ್ತಡ × (ಒಣ ಉಷ್ಣಾಂಶ − ಒದ್ದೆ ಉಷ್ಣಾಂಶ)

ಫ್ಯಾನ್ ಬೀಸುತ್ತಿರಬೇಕು, ಆಗ ಮಾತ್ರ ಆ 0.00066 ಸರಿ. ಕಲಬುರಗಿಯ 40 ಡಿಗ್ರಿ, ಹ್ಯುಮಿಡಿಟಿ 20ಕ್ಕೆ ಒದ್ದೆ ಉಷ್ಣಾಂಶ 22 ಡಿಗ್ರಿ ಬರುತ್ತದೆ. ಹದಿನೆಂಟು ಡಿಗ್ರಿ ತಂಪು! ಮಡಿಕೆಯೊಳಗಿನ ನೀರು ಪೂರ್ತಿ ಅಷ್ಟಕ್ಕೆ ಇಳಿಯದಿದ್ದರೂ ಆ ಕಡೆಗೆ ಹೋಗುತ್ತದೆ. ಮಂಗಳೂರಿನ 33 ಡಿಗ್ರಿ, ಹ್ಯುಮಿಡಿಟಿ 70 ತೆಗೆದುಕೊಂಡರೆ ಒದ್ದೆ ಉಷ್ಣಾಂಶ 28ಕ್ಕಿಂತ ಸ್ವಲ್ಪ ಮೇಲೆ. ಹತ್ತಿರ ಹತ್ತಿರ ಐದು ಡಿಗ್ರಿ, ಅಷ್ಟೇ. ನಮ್ಮ ಮೈ ಬೆವರಿನ ಕಥೆಯೂ ಬೇರೆ ಅಲ್ಲ. ಕರಾವಳಿಯಲ್ಲಿ 33 ಡಿಗ್ರಿಗೇ ಜೀವ ಸಾಕಾಗುವುದು ಯಾಕೆ ಅಂತ ಈ ಐದು ಡಿಗ್ರಿ ಹೇಳುತ್ತದೆ.

ಈಗ ಅಡುಗೆಮನೆ. ಇಲ್ಲಿ ಅಂಟ್ವಾನ್ ಅನ್ನುವ ಫ್ರಾನ್ಸಿನ ಎಂಜಿನಿಯರ್ 1888ರಲ್ಲಿ ಕೊಟ್ಟ ಸೂತ್ರ ಸರಾಗ. 1ರಿಂದ 100 ಡಿಗ್ರಿವರೆಗೆ ಬಳಸಬಹುದು. ಘಾತ = 8.07131 − 1730.63 ÷ (ಉಷ್ಣಾಂಶ + 233.426). 10ನ್ನು ಆ ಘಾತಕ್ಕೆ ಏರಿಸಿದರೆ ಪಾದರಸದ ಮಿಲಿಮೀಟರಿನಲ್ಲಿ ಉತ್ತರ. 100 ಹಾಕಿದರೆ 760 ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿ ವಾತಾವರಣದ ಒತ್ತಡ ಸುಮಾರು 910 ಹೆಕ್ಟೊಪ್ಯಾಸ್ಕಲ್, ಪಾದರಸದಲ್ಲಿ 682 ಮಿಲಿಮೀಟರ್. ಸೂತ್ರದಲ್ಲಿ 97 ಡಿಗ್ರಿ ಹಾಕಿ ನೋಡಿ, 682 ಬರುತ್ತದೆ. ಬೆಂಗಳೂರಿನಲ್ಲಿ ನೀರು 97ಕ್ಕೇ ಕುದಿಯುತ್ತದೆ. ಲೇಹ್‌ನಲ್ಲಿ 88ರ ಸುಮಾರಿಗೆ. ಅಲ್ಲಿ ಬೇಳೆ ಬೇಯಿಸೋದು ಅಂದರೆ ಹಿಂಸೆ. ಕುಕ್ಕರಿನ ಮೇಲಿನ ವೆಯ್ಟು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಹೆಚ್ಚಿಗೆ ಹಿಡಿದಿಡುತ್ತದೆ. ಆಗ ಬೆಂಗಳೂರಿನ ಕುಕ್ಕರಿನೊಳಗೆ 118 ಡಿಗ್ರಿ. ಸಮುದ್ರದ ದಡದಲ್ಲಿ 120.

ಸಮುದ್ರ ಅಂದ ಕೂಡಲೇ ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ಮುಂಗಾರಿಗೆ ಮುಂಚೆ ಅರಬ್ಬೀ ಸಮುದ್ರದ ಕೆಲವು ಭಾಗದಲ್ಲಿ ನೀರಿನ ಮೇಲ್ಮೈ 30 ಡಿಗ್ರಿ ಮುಟ್ಟುತ್ತದೆ. 29ಕ್ಕೆ ಆವಿ ಒತ್ತಡ 40.1, 30ಕ್ಕೆ 42.5. ಒಂದೇ ಒಂದು ಡಿಗ್ರಿಗೆ ನೂರಕ್ಕೆ ಆರರಷ್ಟು ಹೆಚ್ಚು. ಭೂಮಿ ಬಿಸಿಯಾಗುತ್ತಿದೆ ಅನ್ನುವಾಗ "ಒಂದು ಡಿಗ್ರಿ ತಾನೇ" ಅಂತ ಅನೇಕರು ಹೇಳುತ್ತಾರೆ. ಆ ಒಂದು ಡಿಗ್ರಿಯ ಹಿಂದೆ ಈ ಆರು ಇದೆ. ಮೋಡಕ್ಕೆ ಹೋಗುವ ನೀರು ಜಾಸ್ತಿ, ಸುರಿಯುವಾಗ ಒಮ್ಮೆಲೇ ಸುರಿಯುವ ಸಾಧ್ಯತೆಯೂ ಜಾಸ್ತಿ. ಇದನ್ನು ತಿಳಿಯೋಕೆ ದೊಡ್ಡ ಕಂಪ್ಯೂಟರ್ ಬೇಕಿಲ್ಲ. ನೀವು ಈಗ ಫೋನಿನಲ್ಲೇ ಮಾಡಿದಿರಿ.

ಒಂದು ಗಂಟೆ ಆಯಿತು. ಥರ್ಮಾಮೀಟರುಗಳನ್ನು ಮತ್ತೆ ಓದಮ್ಮ. ಒಣಗಿರುವುದು 30. ಒದ್ದೆಯದು 22. ಎರಡೂ ಏರಿವೆ, ಅಂತರ 9ರಿಂದ 8ಕ್ಕೆ ಇಳಿದಿದೆ. ಈಗ ಹಲಗೆಯ ಮೂಲೆಯ ಅಂಕಿಗಳಿಗೆ ಬರೋಣ.

ಶಿವಮೊಗ್ಗದ ವಾತಾವರಣದ ಒತ್ತಡ ಸುಮಾರು 945. ಅದನ್ನು 0.00066ರಿಂದ ಗುಣಿಸಿದರೆ 0.624. ಮೊದಲಿಗೆ ಒದ್ದೆಯದು 20 ಇತ್ತು, ಅದರ ತುಂಬಿದ ಒತ್ತಡ 23.37. ಅದರಿಂದ 0.624ರ ಒಂಬತ್ತರಷ್ಟು, ಅಂದರೆ 5.61 ಕಳೆದರೆ 17.76. ಇದು ನಾವು ಕೂತಾಗ ಕೋಣೆಯಲ್ಲಿದ್ದ ಆವಿ ಒತ್ತಡ. 29 ಡಿಗ್ರಿಗೆ ತುಂಬಿದ್ದು 40.07, ಹಾಗಾಗಿ ಹ್ಯುಮಿಡಿಟಿ 44. ಈಗ 22ರ ತುಂಬಿದ ಒತ್ತಡ 26.43. ಎಂಟರಷ್ಟು ಅಂದರೆ 4.99 ಕಳೆದರೆ 21.44. 30ಕ್ಕೆ ತುಂಬಿದ್ದು 42.45. ಹ್ಯುಮಿಡಿಟಿ 50 ದಾಟಿದೆ.

ಒತ್ತಡದಿಂದ ತೂಕಕ್ಕೂ ಹೋಗಬಹುದು. ಆವಿ ಒತ್ತಡವನ್ನು 216.7ರಿಂದ ಗುಣಿಸಿ, ಕೆಲ್ವಿನ್ ಉಷ್ಣಾಂಶದಿಂದ ಭಾಗಿಸಿದರೆ ಒಂದು ಘನ ಮೀಟರಿನಲ್ಲಿ ಎಷ್ಟು ಗ್ರಾಂ ನೀರಿದೆ ಅಂತ ಸಿಗುತ್ತದೆ. ಆಗ 12.7 ಗ್ರಾಂ ಇತ್ತು. ಈಗ 15.3 ಗ್ರಾಂ. ಒಂದು ಘನ ಮೀಟರಿಗೆ 2.6 ಗ್ರಾಂ ಹೆಚ್ಚಾಗಿದೆ. ಬರುವ ಮುಂಚೆ ಟೇಪ್ ಹಿಡಿದು ಈ ಕೋಣೆ ಅಳೆದಿದ್ದೆ. 12 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರ. 384 ಘನ ಮೀಟರ್. ಗುಣಿಸಿ ನೋಡಿ. ಹತ್ತಿರ ಹತ್ತಿರ ಒಂದು ಕಿಲೋ.

ತೆರೆದಿರುವ ಎರಡು ಕಿಟಕಿಯಿಂದ ಹೊರಗೆ ಹೋದದ್ದನ್ನು ಬಿಟ್ಟು, ನಮ್ಮೆಲ್ಲರ ಉಸಿರಿನಿಂದ, ಬೆವರಿನಿಂದ ಹೊರಟ ಒಂದು ಲೀಟರ್ ನೀರು ಈಗ ನಮ್ಮ ತಲೆಯ ಮೇಲೆ, ಕಣ್ಣಿಗೆ ಕಾಣದ ಹಾಗೆ, ಈ ಕೋಣೆಯಲ್ಲೇ ಇದೆ. ಹೊರಗೆ ಕಾಫಿ ಇಟ್ಟಿದ್ದಾರೆ. ಹೋಗುವಾಗ ಉಳಿದ ಕಿಟಕಿಗಳನ್ನೂ ತೆರೆಯೋಣ.